ಹೆಡ್ಡಿನ ಮೇಲಿನ ನಲವತ್ತೇಳು

ಮಧುರೆ
11 ಫೆಬ್ರವರಿ 1973

ಸಂಜೀವ,

ನಿನ್ನ ಅಟ್ಟದ ಮೇಲಿನ ಕಬ್ಬಿಣದ ಬಸವನಹುಳು ಬದುಕಿದೆಯೋ ಸತ್ತಿದೆಯೋ, ಒಂದು ಸಾಲು ಬರೆ.

ಮೂರು ಭಾನುವಾರ ಬೆಂಗಳೂರಿನ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ, ಯಾವುದೋ ಅಣೆಕಟ್ಟಿನ ಕೆಲಸದಲ್ಲಿ ಸವೆದು ಬಿದ್ದಿದ್ದ ಮಣ್ಣು ತಳ್ಳುವ ಯಂತ್ರದಿಂದ ಅದನ್ನು ಬಿಚ್ಚಿಸಿ ತಂದೆವು. ಇಂಜಿನ್ನು ಬಿಡುವ ಹೊಗೆಯೇ ಚಕ್ರ ತಿರುಗಿಸುತ್ತದೆ, ಆ ಚಕ್ರ ಇಂಜಿನ್ನಿಗೇ ಗಾಳಿ ತುರುಕುತ್ತದೆ, ಸಣ್ಣ ಕಾರು ದೊಡ್ಡ ಕಾರಿನಂತೆ ಓಡುತ್ತದೆ ಎಂದು ನೀನು ಬಸ್ಸಿನಲ್ಲಿ ಟಿಕೇಟಿನ ಹಿಂದೆ ಚಿತ್ರ ಬರೆದು ತೋರಿಸಿದ್ದೆ. ಟರ್ಬೊ ಎನ್ನುವ ಮಾತನ್ನು ನಾನು ಕೇಳಿದ್ದು ಅಂದೇ ಮೊದಲು. ಅದಾಗಿ ಎರಡು ವರ್ಷ.

ನಮ್ಮ ರೇಸಿನ ಕಾರು ನನ್ನ ಕೊಟ್ಟಿಗೆಯಲ್ಲಿದೆ. ದೊಡ್ಡಬಳ್ಳಾಪುರ ಮುಟ್ಟುವಷ್ಟರಲ್ಲಿ ಕುದಿಯುತ್ತದೆ. ಮುನಿಲಕ್ಷ್ಮಮ್ಮ ಬಂದವರಿಗೆಲ್ಲ ಹೇಳುತ್ತಾಳೆ: "ಎಮ್ಮೆ ಕಟ್ಟೋ ಜಾಗದಾಗೆ ಇದನ್ನ ಕಟ್ಟವ್ರೆ. ಹಾಲೂ ಕೊಡಲ್ಲ, ಸಗಣೀನೂ ಹಾಕಲ್ಲ." ಎರಡು ಸೀಟಿನ ಕಾರಿನಲ್ಲಿ ನನ್ನ ಹೆಂಡತಿ ಒಮ್ಮೆಯೂ ಕೂತಿಲ್ಲ.

ಮದರಾಸಿನ ಹತ್ತಿರದ ಶೋಲಾವರಂ ಕಾರು ರೇಸಿಗೆ ಮೊನ್ನೆಗೆ ನಾಲ್ಕು ವರ್ಷ ತುಂಬಿತು. ಎಂಟನೇ ಸುತ್ತಿನಲ್ಲಿ ನಾನು ಎರಡನೆಯವನಾಗಿದ್ದೆ. ಇಂಜಿನ್ನನ್ನು ತಣ್ಣಗಿಡುವ ನೀರೆಲ್ಲ ಖಾಲಿಯಾಗಿ ಅದು ಹಿಡಿದುಕೊಂಡು ನಿಂತಿತು. ನಾನು ಇಳಿದು ಬಂದು "ನೀರು ಯಾರ್ಲಾ ನೋಡಿದ್ದು?" ಎಂದು ಕೂಗಿದೆ. ನೀನು ಬೈಲಪ್ಪನ ಕಡೆ ನೋಡಿದೆ. ನಮ್ಮ ಪಂಪ್‌ಸೆಟ್ಟುಗಳನ್ನು ಹತ್ತು ವರ್ಷ ನೋಡಿಕೊಂಡವನ ಮುಖಕ್ಕೆ ನಾನು ಚಪ್ಪಲಿ ಕಳಚಿ ಹೊಡೆದೆ, ಮದರಾಸಿನವರೆಲ್ಲ ನೋಡುತ್ತಿದ್ದಾಗ. ಅದು ಈಗ ಯಾಕೆ ನೆನಪಾಯಿತೋ.

ಟರ್ಬೊ ಹಾಕುವ ಮುಂಚೆ ಇಂಜಿನ್ನಿನ ಮೇಲ್ಮುಚ್ಚಳ, ಆ ಹೆಡ್ಡು, ಬಿಚ್ಚಬೇಕು ಎಂದು ನೀನೇ ಅಂದಿದ್ದೆ. ಬಿಚ್ಚು. ನಿನ್ನ ನಂಬರನ್ನು ಮತ್ತೆ ನೋಡಬೇಕು. ನಿಮ್ಮ ಕಾರ್ಖಾನೆಯಲ್ಲಿ ಯಾರು ಯಾವ ಸಾಮಾನು ಮುಗಿಸಿದರೂ ತಮ್ಮ ನಂಬರನ್ನು ಅಚ್ಚಿನಿಂದ ಕುಟ್ಟಬೇಕು ಎಂದು ಆ ಹೆಡ್ಡಿನ ತಳದ ಮೂಲೆಯಲ್ಲೂ ನಲವತ್ತೇಳು ಅಂತ ಕುಟ್ಟಿದ್ದೆಯಲ್ಲ. "ಏನ್ ಗುರು, ಜಮೀನಿಗೆ ಬಾಂದುಕಲ್ಲು ನೆಟ್ಟಂಗೆ ನೆಟ್ಬಿಟ್ಟೆ" ಅಂದಿದ್ದ ಬೈಲಪ್ಪ.

ಯಾವಾಗ ಬರುತ್ತೀ?

ಗೋಪಾಲ


ನೆಲಮಂಗಲ
4 ಮಾರ್ಚ್ 1973

ಗೋಪಾಲ,

ನಿನ್ನ ಕಾಗದವನ್ನು ಕಾರ್ಖಾನೆಯ ಬಸ್ಸಿನಲ್ಲಿ ಓದಿದೆ. ಪಕ್ಕದವನು ಬಾಳೆಹಣ್ಣು ತಿನ್ನುತ್ತಾ ನನ್ನ ಭುಜದ ಮೇಲಿಂದ ಅದನ್ನೇ ಓದಿದ. ಹಣ್ಣು ಮುಗಿದ ಮೇಲೆ ಕೈಯನ್ನು ಸೀಟಿಗೆ ಒರೆಸಿ, "ಟರ್ಬೊ ಅಂದ್ರೇನ್ ಸಾರ್?" ಎಂದು ಕೇಳಿದ. ನಾನು ಕಾಗದ ಮಡಿಸಿ ಜೇಬಿಗಿಟ್ಟೆ.

ಬಸವನಹುಳು ಇದೆ. ಕಳೆದ ವಾರ ಇಳಿಸಿ ಗೋಣಿಚೀಲ ಬಿಚ್ಚಿದೆ. ಬೆರಳಲ್ಲಿ ನೂಕಿದರೆ ಚಕ್ರ ತಿರುಗುತ್ತದೆ, ಒಂದು ಕಡೆ ತಗುಲುತ್ತದೆ. ಒಳಗಿನ ಎಣ್ಣೆ ಮುದುಕರ ಕಫದಂತೆ ಗಟ್ಟಿಯಾಗಿದೆ. ಕೈಗೆ ಅಂಟಿದ ವಾಸನೆ ಮೂರು ದಿನವಾದರೂ ಹೋಗಲಿಲ್ಲ. ಊಟಕ್ಕೆ ಕೂತು ಚಮಚ ಕೇಳಿದೆ. ಅನುಸೂಯ ನಕ್ಕಳು, ಕೊಟ್ಟಳು, ಅದನ್ನು ಬೇರೆಯಾಗಿ ತೊಳೆದಿಟ್ಟಳು.

ತಡ ಯಾಕೆ ಎಂದರೆ ಕಾರಣಗಳಿವೆ. ಅದು ಆ ದೊಡ್ಡ ಯಂತ್ರದ ಅಳತೆಯದು. ನಮ್ಮ ಕಾರಿನ ಹೊಗೆಗೆ ಅದು ಎದ್ದು ತಿರುಗುವ ಹೊತ್ತಿಗೆ ರಸ್ತೆ ಮುಗಿದಿರುತ್ತದೆ. ಎರಡನೆಯದು, ರೇಸಿಗೆಂದು ನಾವು ಹೆಡ್ಡನ್ನು ಉಜ್ಜಿ ತೆಳ್ಳಗೆ ಮಾಡಿದ್ದೇವೆ. ಪೆಟ್ರೋಲು ಉರಿಯುವ ಜಾಗ ಆಗಲೇ ಇಕ್ಕಟ್ಟಾಗಿದೆ. ಅದರೊಳಗೆ ಇನ್ನಷ್ಟು ಗಾಳಿ ತುರುಕಿದರೆ ಪಿಸ್ಟನ್ನು ತೂತಾಗುತ್ತದೆ. ಪಿಸ್ಟನ್ನು ಬದಲಿಸಬೇಕು, ಅದು ಇಂಗ್ಲೆಂಡಿನಿಂದ ಬರಬೇಕು, ಅದಕ್ಕೆ ಪರ್ಮಿಟ್ಟು ಬೇಕು. ಮೂರನೆಯದು, ನಮ್ಮ ಬಂಕುಗಳ ಪೆಟ್ರೋಲಿಗೆ ಅಷ್ಟು ಒತ್ತಡ ತಡೆಯುವ ಶಕ್ತಿಯಿಲ್ಲ.

ಇವೆಲ್ಲ ನಿಜ. ಬರೆದ ಮೇಲೆ ಓದಿ ನೋಡಿದೆ, ನಿಜವಾಗಿಯೇ ಇವೆ.

ಹೆಡ್ಡು ಬಿಚ್ಚುವ ಅವಸರ ಬೇಡ. ಒಮ್ಮೆ ಬಿಚ್ಚಿದರೆ ನಡುವಿನ ಪ್ಯಾಕಿಂಗ್ ತಗಡು ಹಾಳಾಗುತ್ತದೆ, ಹೊಸದು ಸಿಗುವುದಿಲ್ಲ.

ಸಂಜೀವಪ್ಪ


ಮಧುರೆ
20 ಆಗಸ್ಟ್ 1973

ಸಂಜೀವ,

ನಿನ್ನ ಮೂರು ಕಾರಣಗಳನ್ನು ಓದಿ ಐದು ತಿಂಗಳು ಸುಮ್ಮನಿದ್ದೆ. ಪ್ಯಾಕಿಂಗ್ ಒಂದು ಕಾರಣವೇ? ನಿನ್ನ ಕೈಯಲ್ಲೇ ತಾಮ್ರದ ತಗಡಿನಿಂದ ಕತ್ತರಿಸಿ ಮಾಡಿದ್ದೀಯಲ್ಲ.

ಮೊನ್ನೆ ತ್ಯಾಮಗೊಂಡ್ಲುವಿಗೆ ತೆಂಗಿನ ಸಸಿ ತರಲು ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸೈಕಲ್ ಶಾಪಿದೆ, ತಗಡಿನ ಮಾಡು. ಅಲ್ಲಿ ಬೈಲಪ್ಪ ಕೂತು ಪಂಕ್ಚರ್ ಹಾಕುತ್ತಿದ್ದ. ತಲೆ ಎತ್ತಲಿಲ್ಲ. ನೋಡಿದನೋ ಇಲ್ಲವೋ ಹೇಳಲಾರೆ. ನಾನು ಸಸಿ ತೆಗೆದುಕೊಳ್ಳದೆ ಬಂದೆ. ಬಾಡಿಗೆ ಎತ್ತಿನ ಗಾಡಿಯವನು ಕೇಳಿದ: "ಯಾಕ್ ಗೌಡ್ರೇ, ಸಸಿ ಚೆನ್ನಾಗಿಲ್ವಾ?" "ಚೆನ್ನಾಗಿಲ್ಲ" ಅಂದೆ. ಸಸಿ ಚೆನ್ನಾಗಿತ್ತು.

ರೇಸಿನಿಂದ ಬಂದ ವರ್ಷ ಅವನನ್ನು ಯಾರೂ ಪಂಪ್‌ಸೆಟ್ಟಿಗೆ ಕರೆಯಲಿಲ್ಲ, ನೆನಪಿದೆಯಾ. "ಕಾರಿನ ನೀರಿನ ತಿರುಪು ಬಿಗಿ ಮಾಡೋಕೆ ಮರೆತೋನು ನಮ್ಮ ಮೋಟ್ರು ಸುಡಲ್ವಾ?" ಎನ್ನುತ್ತಿದ್ದರು. ಅದಾಗಿ ಊರು ಬಿಟ್ಟ.

ಹೆಡ್ಡು ಯಾವಾಗ ಬಿಚ್ಚುತ್ತೀ? ತಾರೀಕು ಹೇಳು.

ಗೋಪಾಲ


ನೆಲಮಂಗಲ
4 ಸೆಪ್ಟೆಂಬರ್ 1973
(ಅಂಚೆಗೆ ಹಾಕಿಲ್ಲ)

ಬೈಲಪ್ಪ,

ನಿನ್ನ ಅಂಗಡಿ ತ್ಯಾಮಗೊಂಡ್ಲುವಿನಲ್ಲಿದೆ ಎಂದು ತಿಳಿಯಿತು. ನನ್ನ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ.

ನಿನಗೆ ನೆನಪಿರಬೇಕು. ದಪ್ಪ ಗಾಜಿನ ಮೇಲೆ ಎಮರಿ ಪೇಸ್ಟು ಹಚ್ಚಿ, ಸೀಮೆಎಣ್ಣೆ ಸುರಿದು, ಹೆಡ್ಡನ್ನು ಎಂಟರ ಆಕಾರದಲ್ಲಿ ಉಜ್ಜಿದೆವು. ಇಷ್ಟೇ ಸಾಕು ಎಂದು ಮೂವರೂ ಒಪ್ಪಿದ ಮೇಲೆ ನಾನು ನಂಬರು ಕುಟ್ಟಿದೆ. ನಮ್ಮ ಕಾರ್ಖಾನೆಯಲ್ಲಿ ನಂಬರು ಕುಟ್ಟಿದ ಸಾಮಾನನ್ನು ಮತ್ತೆ ಮುಟ್ಟುವಂತಿಲ್ಲ. ಮುಟ್ಟಿದವನಿಗೆ ಕೆಲಸ ಹೋಗುತ್ತದೆ.

ಮರುದಿನ ಬೆಳಿಗ್ಗೆ ಗೋಪಾಲ ಲಾರಿ ಗೊತ್ತುಮಾಡಲು ಹೋದ, ನೀನು ಟೈರು ತರಲು ದೊಡ್ಡಬಳ್ಳಾಪುರಕ್ಕೆ ಹೋದೆ. ನಾನೊಬ್ಬನೇ ಇದ್ದೆ. ಬೆಂಗಳೂರಿನವರ ಕಾರುಗಳ ಬಗ್ಗೆ ಕೇಳಿದ್ದೆಲ್ಲ ತಲೆಯಲ್ಲಿತ್ತು. ಇನ್ನು ಸ್ವಲ್ಪ ತೆಳ್ಳಗಾದರೆ ಇನ್ನು ಸ್ವಲ್ಪ ಓಡುತ್ತದೆ ಅನ್ನಿಸಿತು. ಎರಡು ಗಂಟೆ ಉಜ್ಜಿದೆ. ನಿಲ್ಲಿಸಿ ಒರೆಸಿದಾಗ ನಲವತ್ತೇಳರಲ್ಲಿ ನಾಲ್ಕರ ಅಂಕಿಯ ಒಂದು ಕಾಲು ಅಳಿಸಿಹೋಗಿತ್ತು, ಏಳರ ಅಂಕಿ ಗೀರಿನಂತೆ ಉಳಿದಿತ್ತು. ನಾನೇ ಕುಟ್ಟಿದ್ದನ್ನು ನಾನೇ ಅಳಿಸುತ್ತಿದ್ದೆ, ಗೊತ್ತಾಗಿರಲಿಲ್ಲ. ಯಾರಿಗೂ ಹೇಳಲಿಲ್ಲ.

ತೆಳ್ಳಗಾದ ಹೆಡ್ಡು ಎಂಟನೇ ಸುತ್ತಿಗೆ ಸೀಳಿತು, ನೀರು ಸಿಲಿಂಡರಿಗೆ ಹೋಯಿತು. ಮನೆಗೆ ತಂದು ನಾನೇ ಬಿಚ್ಚಿದೆ. ಸೀಳು ಕಂಡೆ. ಹಿತ್ತಾಳೆ ಬೆಸುಗೆ ಹಾಕಿ ಮುಚ್ಚಿದೆ. ನೀನು ಬಿಗಿ ಮಾಡಿದ ತಿರುಪು ಬಿಗಿಯಾಗಿಯೇ ಇತ್ತು.

ನಾನು ನಿನ್ನ ಹೆಸರು ಹೇಳಲಿಲ್ಲ. ಬರೀ ನಿನ್ನ ಕಡೆ ನೋಡಿದೆ. ಎಷ್ಟೋ ದಿನ ಅದನ್ನೇ ಸಮಾಧಾನವೆಂದು ಇಟ್ಟುಕೊಂಡಿದ್ದೆ. ಈಗ ಅದು ಹಳಸಿದ ಅನ್ನದಂತೆ ನಾರುತ್ತದೆ.

ಟರ್ಬೊ ಹಾಕಿದರೆ ಹೆಡ್ಡು ಬಿಚ್ಚಬೇಕಾಗುತ್ತದೆ. ಬಿಚ್ಚಿದರೆ ನಂಬರು ಕಾಣುತ್ತದೆ. ಆದ್ದರಿಂದ ನಾನು ಪೆಟ್ರೋಲಿನ ಬಗ್ಗೆ, ಪಿಸ್ಟನ್ನಿನ ಬಗ್ಗೆ


ನೆಲಮಂಗಲ
17 ಫೆಬ್ರವರಿ 1974

ಗೋಪಾಲ,

ನೀನು ತಾರೀಕು ಕೇಳಿದ್ದೆ. ಈಗ ಪೆಟ್ರೋಲಿನ ಬೆಲೆ ಏರಿ ಕೂತಿರುವಾಗ ರೇಸಿನ ಮಾತು ಆಡುವುದೇ ಅಸಹ್ಯ. ಹಾಗೆಂದು ನಾನು ಇದನ್ನು ನಾಲ್ಕನೆಯ ಕಾರಣವಾಗಿ ಹೇಳುತ್ತಿಲ್ಲ.

ಬೆಂಗಳೂರಿನಲ್ಲಿ ನಮ್ಮಂಥವರ ಗುಂಪೊಂದಿದೆ ಎಂದು ಹೇಳಿದ್ದೆನಲ್ಲ. ಭಾನುವಾರ ಬೆಳಿಗ್ಗೆ ಕಂಟೋನ್ಮೆಂಟಿನ ಒಂದು ಹೋಟೆಲಿನ ಮುಂದೆ ಸಣ್ಣ ಕಾರುಗಳನ್ನು ನಿಲ್ಲಿಸಿಕೊಂಡು ಕಾಫಿ ಕುಡಿಯುತ್ತಾರೆ. ಹೋಗಿದ್ದೆ. ಆರು ಜನ. ಆರೂ ಜನರ ಮನೆಯಲ್ಲಿ ಒಂದೊಂದು ಪೆಟ್ಟಿಗೆ. ಒಬ್ಬನದರಲ್ಲಿ ನಮ್ಮದರಂಥ ಟರ್ಬೊ, ಒಬ್ಬನದರಲ್ಲಿ ಬೆಲ್ಟಿನಿಂದ ತಿರುಗುವಂಥದ್ದು, ಒಬ್ಬನದರಲ್ಲಿ ಬರೀ ಪೈಪುಗಳು. ಯಾರೂ ಹಾಕಿಲ್ಲ.

ಲಕ್ಷ್ಮಯ್ಯ ಎಂಬ ಬ್ಯಾಂಕಿನವನು ಶಾಖದ ವಿಚಾರವಾಗಿ ಅರ್ಧ ಗಂಟೆ ಮಾತಾಡಿದ. ಬಾನೆಟ್ಟಿನೊಳಗೆ ಜಾಗವಿಲ್ಲ, ಬ್ರೇಕಿನ ಎಣ್ಣೆ ಕುದಿಯುತ್ತದೆ, ಗೇರುಪೆಟ್ಟಿಗೆ ತಡೆಯುವುದಿಲ್ಲ ಎಂದು ಎಲ್ಲ ಲೆಕ್ಕವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ. ಬಾಯಿಯ ಮೂಲೆಯಲ್ಲಿ ಇಡ್ಲಿಯ ಚೂರು. ಇನ್ನೊಬ್ಬ ಹೇಳಿದ: "ಸತ್ಯ ಹೇಳ್ಬಿಡ್ಲಾ? ಹಾಕ್ಬಿಟ್ರೆ ಆಮೇಲೆ ಭಾನುವಾರ ಏನ್ ಮಾತಾಡೋದು ಗುರು?" ಎಲ್ಲರೂ ಮೇಜು ಕುಟ್ಟಿ ನಕ್ಕರು. ನಾನೂ ನಕ್ಕೆ. ನನ್ನ ನಗು ಅವರ ನಗುವಿನ ಹಾಗೇ ಕೇಳಿಸಿತು.

ಇಂಜಿನ್ನು ಬಿಚ್ಚದೆ ಇರುವಷ್ಟು ದಿನ ಅದರೊಳಗೆ ಏನು ಬೇಕಾದರೂ ಇದೆ ಎಂದುಕೊಳ್ಳಬಹುದು. ಅವರೆಲ್ಲ ಅದಕ್ಕಾಗಿಯೇ ತಡ ಮಾಡುತ್ತಾರೆ. ಅವರು ಒಳ್ಳೆಯ ಇಂಜಿನ್ನು ಇದೆ ಎಂದುಕೊಳ್ಳುತ್ತಾರೆ. ನನಗೆ ಆ ಸೌಕರ್ಯವೂ ಇಲ್ಲ.

ಈ ಕೊನೆಯ ಸಾಲು ಹೊಡೆದು ಹಾಕೋಣ ಎಂದಿದ್ದೆ. ಇರಲಿ.

ಟರ್ಬೊ ಬಿಟ್ಟುಬಿಡೋಣ. ನಾಳೆಯೇ ಗುಜರಿಗೆ ಹಾಕುತ್ತೇನೆ.

ಸಂಜೀವಪ್ಪ


ಮಧುರೆ
20 ನವೆಂಬರ್ 1974

ಸಂಜೀವ,

ಗುಜರಿಗೆ ಹಾಕುತ್ತೇನೆಂದು ಒಂಬತ್ತು ತಿಂಗಳಾಯಿತು. ಹಾಕಿಲ್ಲ ಎಂದು ಅನುಸೂಯಮ್ಮನವರು ನಮ್ಮೂರ ಕೊಂಡಪ್ಪನ ಮಗಳ ಮದುವೆಯಲ್ಲಿ ಮುನಿಲಕ್ಷ್ಮಮ್ಮನಿಗೆ ಹೇಳಿದರಂತೆ. "ಅಟ್ಟ ಹತ್ತೋದು, ಅದನ್ನ ನೋಡೋದು, ಇಳಿಯೋದು, ಕೈ ತೊಳೆಯೋದು. ನಮ್ಮನೇಲಿ ಸೋಪು ನಿಲ್ಲಲ್ಲ ಕಣ್ರೀ" ಎಂದರಂತೆ.

ನಿನ್ನನ್ನು ಕಾದದ್ದು ಸಾಕು. ಬರುವ ಭಾನುವಾರ ತ್ಯಾಮಗೊಂಡ್ಲುವಿಗೆ ಹೋಗಿ ಬೈಲಪ್ಪನನ್ನು ಕರೆತಂದು ಅವನ ಕೈಯಲ್ಲೇ ಹೆಡ್ಡು ಬಿಚ್ಚಿಸುತ್ತೇನೆ.

ಗೋಪಾಲ


ನೆಲಮಂಗಲ
22 ನವೆಂಬರ್ 1974

ಗೋಪಾಲ,

ಬೇಡ. ಅವನ ಕೈಯಲ್ಲಿ ಬೇಡ. ನಾನೇ ಬರುತ್ತೇನೆ. ಈ ಭಾನುವಾರ ಮನೆಯಲ್ಲಿ ಕಾರ್ಯವಿದೆ, ಅದರ ಮುಂದಿನ ಭಾನುವಾರ ಖಂಡಿತ. ಹೆಡ್ಡು ಮುಟ್ಟಬೇಡ.

ಸಂ.


ಮಧುರೆ
2 ಡಿಸೆಂಬರ್ 1974

ಸಂಜೀವ,

ನಿನ್ನೆ ಇಡೀ ದಿನ ಜಗುಲಿಯಲ್ಲಿ ಕೂತಿದ್ದೆ. ನೀನು ಬರಲಿಲ್ಲ. ಬರುವುದಿಲ್ಲ ಎಂದು ಬೆಳಿಗ್ಗೆಯೇ ಗೊತ್ತಿತ್ತು.

ಅದರ ಹಿಂದಿನ ಭಾನುವಾರ ನಾನು ತ್ಯಾಮಗೊಂಡ್ಲುವಿಗೆ ಹೋಗಿದ್ದೆ. ಬೈಲಪ್ಪ ಟ್ಯೂಬನ್ನು ತೊಟ್ಟಿಯ ನೀರಿನಲ್ಲಿ ಅದ್ದಿ ತೂತು ಹುಡುಕುತ್ತಿದ್ದ. ಬೆಂಚಿನ ಮೇಲೆ ಹಾಲಿನ ಕ್ಯಾನು ಇಟ್ಟುಕೊಂಡು ಇಬ್ಬರು ಕೂತಿದ್ದರು. ಅವನು ಎದ್ದು ನಿಲ್ಲಲಿಲ್ಲ.

"ಏನ್ ಗೌಡ್ರೇ, ಈ ಕಡೆ?"

"ಕಾರಿಂದು ಹೆಡ್ಡು ಬಿಚ್ಬೇಕಾಗಿತ್ತು ಬೈಲಪ್ಪ. ನೀನು ಬಂದ್ರೆ..."

"ಅಯ್ಯೋ, ನಾನ್ ಬ್ಯಾಡಿ. ನಾನು ನೀರಿನ ತಿರುಪು ಮರೆಯೋ ಮನ್ಸ. ಅದ್ಕೇ ನೋಡಿ, ದೇವ್ರು ದಿನಾ ಪೂರ್ತಿ ನೀರಲ್ಲೇ ಕೈ ಇಡ್ಸವ್ನೆ." ಬೆಂಚಿನ ಮೇಲಿದ್ದವರು ನಕ್ಕರು, ಯಾಕೆಂದು ಅವರಿಗೆ ಗೊತ್ತಿರಲಿಲ್ಲ. ಅವನು ಟ್ಯೂಬನ್ನು ಒಂದೊಂದೇ ಗೇಣು ಸರಿಸುತ್ತಿದ್ದ. ಗುಳ್ಳೆ ಎದ್ದ ಜಾಗದಲ್ಲಿ ಬೆರಳಿಟ್ಟ. "ಎಲ್ಲಿ ತೂತದೆ ಅನ್ನೋದು ನೀರು ಹೇಳ್ಬಿಡ್ತದೆ ಗೌಡ್ರೇ. ಮನ್ಸರ್ನ ಕೇಳಂಗೇ ಇಲ್ಲ."

ಒಳಗಿನಿಂದ ಅವನ ಮಗಳು ನನಗೆ ಟೀ ತಂದು ಕೊಟ್ಟಳು. ಮುತ್ಯಾಲಮ್ಮ ಎಂದು ಹೆಸರು, ಹತ್ತೊಂಬತ್ತು ವರ್ಷವಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ. "ಮಧುರೆ ಗೌಡ್ರಾ? ನಮ್ಮಪ್ಪ ನಿಮ್ಮ ಹೆಸ್ರು ಹೇಳ್ತಿರ್ತಾರೆ, ನಿಮ್ಮಲ್ಲಿ ಕೆಲ್ಸ ಕಲಿತಿದ್ದು ಅಂತ" ಅಂದಳು. ನಾನು ಟೀ ಕುಡಿದೆ. ಲೋಟ ಇಟ್ಟು ಬಂದೆ. ಹೇಳಬೇಕಾದ್ದನ್ನು ಹೇಳಲಿಲ್ಲ.

ಈಗ ನಿನಗೆ ಹೇಳುತ್ತೇನೆ. 1971ರ ಜೂನ್‌ನಲ್ಲಿ ಕಾರು ಬಹಳ ನೀರು ಕುಡಿಯುತ್ತಿತ್ತು ಎಂದು ನಾನೇ ಹೆಡ್ಡು ಬಿಚ್ಚಿದ್ದೆ. ನಿನ್ನ ನಲವತ್ತೇಳು ನೋಡಿದೆ, ಉಳಿದಷ್ಟು. ಹಿತ್ತಾಳೆಯ ಗೆರೆಯನ್ನೂ ನೋಡಿದೆ. ಅರ್ಥ ಮಾಡಿಕೊಳ್ಳಲು ಒಂದು ಬೀಡಿ ಸೇದುವಷ್ಟು ಹೊತ್ತೂ ಬೇಕಾಗಲಿಲ್ಲ. ಹೇಗಿತ್ತೋ ಹಾಗೆ ಮುಚ್ಚಿದೆ.

ಅಂದಿನಿಂದ ನಿನಗೆ ಟರ್ಬೊ ಹಾಕು, ಹೆಡ್ಡು ಬಿಚ್ಚು ಎಂದು ಬರೆಯುತ್ತಿದ್ದೇನೆ. ನನಗೆ ಟರ್ಬೊ ಬೇಕಿರಲಿಲ್ಲ. ನೀನು ಬಾಯಿ ಬಿಡಲಿ ಎಂದು ಕಾದೆ. ನೀನು ಹೇಳಿದರೆ ನನ್ನ ಏಟೂ ನಿನ್ನ ಲೆಕ್ಕಕ್ಕೇ ಹೋಗುತ್ತದೆ, ನಾನು ಬರೀ ಮೋಸ ಹೋದವನಾಗುತ್ತೇನೆ ಎಂದುಕೊಂಡಿದ್ದೆ. ತಪ್ಪಾಯಿತೆಂದು ನಾನೊಬ್ಬನೇ ಹೋಗಿ ಹೇಳಬಹುದಿತ್ತು. ಆದರೆ ಮೊದಲು ನೀನು ಹೋಗಬೇಕು ಎಂದು ಮೂರೂವರೆ ವರ್ಷ ಕೂತೆ. ನಿನ್ನ ಬಗ್ಗೆ ಹೇಸಿಗೆಯಾಗುತ್ತದೆ ಎಂದು ಬರೆಯಲು ಪೆನ್ನು ತೆಗೆದುಕೊಂಡಿದ್ದೆ. ಪೆನ್ನು ಹಿಡಿದ ಕೈಯಲ್ಲೇ ಚಪ್ಪಲಿ ಹಿಡಿದಿದ್ದೆ.

ಇನ್ನು ಕಾರಿನ ವಿಷಯ ಬರೆಯುವುದಿಲ್ಲ.

ಗೋಪಾಲಪ್ಪ


ನೆಲಮಂಗಲ
15 ಜನವರಿ 1975

ಬೈಲಪ್ಪನವರಿಗೆ,

ಒಂದೂವರೆ ವರ್ಷದಿಂದ ಈ ಕಾಗದವನ್ನು ಉದ್ದುದ್ದ ಬರೆದು ಹರಿದಿದ್ದೇನೆ. ವಿಷಯ ಇಷ್ಟೆ. ರೇಸಿಗೆ ಮುಂಚೆ, ನೀವು ಊರಲ್ಲಿಲ್ಲದಾಗ ನಾನು ಹೆಡ್ಡನ್ನು ಎರಡನೇ ಸಲ ಉಜ್ಜಿದೆ. ಅದು ತೆಳ್ಳಗಾಗಿ ಸೀಳಿತು. ನೀವು ನೀರಿನ ತಿರುಪು ಬಿಗಿ ಮಾಡಿದ್ದಿರಿ. ಶೋಲಾವರಂನಲ್ಲಿ ಗೋಪಾಲಪ್ಪ ನಿಮ್ಮ ಮುಖಕ್ಕೆ ಚಪ್ಪಲಿಯಲ್ಲಿ ಹೊಡೆದದ್ದು ನನ್ನ ತಪ್ಪಿಗೆ. ನನಗೆ ಕಾರಣ ಗೊತ್ತಿತ್ತು, ನಾನು ನೋಡುತ್ತಾ ನಿಂತಿದ್ದೆ. ಮಧುರೆಯಲ್ಲಿ ನಿಮಗೆ ಕೆಲಸ ಹೋದದ್ದೂ ಅದರಿಂದಲೇ. ಇದನ್ನು ಯಾರಿಗೆ ತೋರಿಸಿದರೂ ನನ್ನ ಅಡ್ಡಿಯಿಲ್ಲ. ಮಧುರೆಯಲ್ಲಿ ಓದಿಸಿದರೂ ಸರಿ.

ಸಂಜೀವಪ್ಪ


ತ್ಯಾಮಗೊಂಡ್ಲು
27 ಜನವರಿ 1975

ಸಂಜೀವಪ್ಪನವರಿಗೆ ಬೈಲಪ್ಪನವರ ಮಗಳು ಮುತ್ಯಾಲಮ್ಮ ಬರೆಯುವುದು.

ನಮ್ಮ ತಂದೆಗೆ ಅಕ್ಷರ ಬರುವುದಿಲ್ಲ. ಅದು ನಿಮಗೆ ಗೊತ್ತಿರಬಹುದು, ಇಲ್ಲದಿರಬಹುದು. ಬಂದ ಕಾಗದಗಳನ್ನು ನಾನು ಅಂಗಡಿಯಲ್ಲಿ ಗಟ್ಟಿಯಾಗಿ ಓದುತ್ತೇನೆ. ನಿಮ್ಮದನ್ನೂ ಹಾಗೇ ಓದಿದೆ. ಹಾಲಿನವರು ಇಬ್ಬರು ಕೂತಿದ್ದರು, ನನ್ನ ತಾಯಿ ಬಾಗಿಲಲ್ಲಿದ್ದರು. ಚಪ್ಪಲಿ ಎಂಬ ಮಾತು ಬಂದಾಗ ನಮ್ಮ ತಂದೆ "ಸಾಕು ಬಿಡವ್ವ" ಅಂದರು. ನಾನು ಆಗಲೇ ಓದಿಬಿಟ್ಟಿದ್ದೆ.

ಆರು ವರ್ಷದಿಂದ ನಮಗೆ ಅವರು ಹೇಳಿದ್ದು ಬೇರೆ. ಮಧುರೆಯ ನೀರು ಒಗ್ಗಲಿಲ್ಲ, ಅದಕ್ಕೆ ಬಂದೆವು ಎಂದು. ಎಡಗಣ್ಣಿನ ಕೆಳಗಿನ ಗುರುತು ಪಂಪ್‌ಸೆಟ್ಟಿನ ಹ್ಯಾಂಡಲ್ಲು ಬಡಿದದ್ದು ಎಂದು. ಕಾಗದ ಬಂದಂದು ಅವರು ಊಟ ಮಾಡಲಿಲ್ಲ. ಹಾಲಿನವರು ಮಾರನೆಯ ದಿನದಿಂದ ಬೇರೆ ಕಡೆ ಕೂರುತ್ತಿದ್ದಾರೆ, ಏನು ಮಾತಾಡಬೇಕೋ ತಿಳಿಯದೆ ಇರಬೇಕು.

ಇನ್ನು ಮುಂದೆ ತಂದೆ ಹೇಳಿದ್ದನ್ನು ಬರೆಯುತ್ತೇನೆ.

"ಹೆಡ್ಡು ಕೂರ್ಸುವಾಗ ನಂಬರು ಸವ್ದಿದ್ದು ನಾನೂ ನೋಡಿದ್ದೆ. ಗುರು ತಿಳ್ಕಂಡೇ ಮಾಡಿರ್ತಾರೆ ಅಂದ್ಕೊಂಡೆ. ಆಮೇಲೆ ಅವ್ರೇ ಹೇಳ್ತಾರೆ ಅಂದ್ಕೊಂಡೆ. ಹೇಳ್ಲಿಲ್ಲ. ನಾನು ಹೇಳಿದ್ರೆ ಯಾರ್ ನಂಬೋರು? ಈಗ ಕಾಗ್ದ ಬ್ಯಾಡ. ಆ ಹೆಡ್ಡು ಬೇಕು. ಪಂಕ್ಚರ್ ಪಟ್ಟಿ ಅಂಟ್ಸಿದ್ ಮ್ಯಾಲೆ ಒತ್ತಿ ಇಡೋಕೆ ಒಂದು ಭಾರ ಬೇಕಾಗದೆ. ಚಪ್ಪಟೆ ಕಬ್ಣ, ಚೆನ್ನಾಗಿ ಕೂರ್ತದೆ. ಕೆಲ್ಸ ಇಲ್ದಾಗ ನಂಬರಿರೋ ಮಗ್ಗುಲು ಮ್ಯಾಲಕ್ಕೆ ಮಾಡಿ ಇಟ್ಕೋತೀನಿ. ಕೇಳ್ದೋರ್ಗೆ ಹೇಳ್ತೀನಿ."

ಕಾರಿಗೆ ಅದು ಬೇಕಾಗುವುದಿಲ್ಲವೇ ಎಂದು ನಾನು ಕೇಳಿದೆ. "ಅದು ಇನ್ನೆಲ್ಲಿ ಓಡ್ತದೆ" ಅಂದರು.

ನೀವೇ ಹೊತ್ತು ತರಬೇಕಂತೆ, ಆಳಿನ ಕೈಯಲ್ಲಿ ಕಳಿಸಬಾರದಂತೆ. ನೆಲಮಂಗಲದಿಂದ ಬಸ್ಸುಗಳಿವೆ. ಮಧುರೆ ಗೌಡರನ್ನೂ ಕರೆದುಕೊಂಡು ಬನ್ನಿ ಎಂದರು. ಟೀ ಮಾಡುತ್ತೇನೆ.

ಇದು ನನ್ನ ಮಾತು. ಗೌಡರಿಗೆ ಹೇಳಿ, ಹೋದ ಸಲ ಅಂಗಡಿಯೊಳಗೆ ಹಾಗೇ ಬಂದಿದ್ದರು. ಈ ಸಲ ಚಪ್ಪಲಿ ಹೊರಗೆ ಬಿಟ್ಟು ಬರಲಿ.

ಮುತ್ಯಾಲಮ್ಮ